ಗಂಟೆಗೆ ಹದಿನಾರು ಆಟ

ಬಿಲಾಕ್ಸಿಯ ಕಡಲ ಕಡೆಗೆ ಒಂದೂ ಕಿಟಕಿಯಿಲ್ಲದ
ಈ ಹಾಲಿನಲ್ಲಿ ರಾತ್ರಿ ಎರಡೂವರೆ. ಏಳನೇ ಮೇಜು.
ಹೊಸ ಹುಡುಗಿ ಎಲೆ ಕಲೆಸುತ್ತಿದ್ದಾಳೆ
ಬಿಸಿ ಅನ್ನಕ್ಕೆ ಮೊದಲ ಸಲ ಕೈ ಹಾಕಿದವರ ಹಾಗೆ,
ಬೆರಳ ತುದಿಯಲ್ಲೇ.

ಎರಡು ಎಲೆ ಜಾರಿ ನೆಲಕ್ಕೆ. ಒಂದು ಮಗುಚಿಕೊಂಡು
ಆಟೀನು ರಾಣಿ ಎಲ್ಲರಿಗೂ ಮುಖ ತೋರಿಸಿದಳು.
ಹುಡುಗಿ ಕ್ಷಮಿಸಿ ಅಂದಳು. ರಾಣಿ ಅನ್ನಲಿಲ್ಲ.
ಮತ್ತೆ ಕಟ್ಟು ಕೂಡಿಸಿ, ಮತ್ತೆ ಕಲೆಸಿ, ಮತ್ತೆ.

ಮೂರನೇ ಕುರ್ಚಿಯ ಹುಡುಗ, ಕಿವಿಗೆ ಹೆಡ್‌ಫೋನು,
ಫೋನಿನಲ್ಲಿ ಲೆಕ್ಕ ಇಡುತ್ತಾನೆ: ಗಂಟೆಗೆ ಹದಿನಾರು ಆಟ.
ಮೂವತ್ತಾದರೂ ಆಗಬೇಕಿತ್ತಂತೆ. ಉಳಿದ ಹದಿನಾಲ್ಕನ್ನು
ಇವಳೇ ಅವನ ಜೇಬಿನಿಂದ ಕದ್ದ ಹಾಗೆ ನೋಡುತ್ತಾನೆ.
ಟಗ್‌ಬೋಟಿನ ವರ್ನನ್ ಲ್ಯಾಡ್ನರ್ ಆಕಳಿಸಿ,
"ಇಷ್ಟು ಹೊತ್ತಿಗೆ ನಾನು ಮೊಬೀಲ್‌ಗೆ ಹೋಗಿ ಬಂದಿರುತ್ತಿದ್ದೆ,
ಹಿಂದೆ ಎರಡು ಬಾರ್ಜು ಕಟ್ಟಿಕೊಂಡು" ಅಂದ.

ನಾನು ಏನೂ ಅನ್ನಲಿಲ್ಲ.
ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು,
ಹೆಬ್ಬೆರಳ ಕೀಲು ಸವೆದು ಈ ಬದಿಗೆ ಬಂದವನು.
ನಿದ್ದೆಯಲ್ಲೂ ಹಂಚುತ್ತೀ ಅಂತ ಹೆಂಡತಿ
ಹೊದಿಕೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.
ಈಗಲೂ ಮೇಜಿನ ಕೆಳಗೆ, ತೊಡೆಯ ಮೇಲೆ,
ನನ್ನ ಕೈ ಇವಳಿಗಿಂತ ಮೂರು ಎಲೆ ಮುಂದಿರುತ್ತದೆ.

ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು: ದಿಯೆಪ್.
ಹಾಗಂದರೆ ಎಲೆ, ಎಂದು ಹೇಳಿದಾಕೆ
ಒಂಬತ್ತನೇ ಕುರ್ಚಿಯ ಥೋವಾ, ಅವಳ ಕಡೆಯವಳೇ.
"ಹೋದ ಚಳಿಗಾಲದವರೆಗೆ ಸಿಂಪಿ ಬಿಡಿಸುತ್ತಿದ್ದಳು.
ಸಾಲಿನಲ್ಲಿ ಅವಳಷ್ಟು ಬೇಗ ಯಾರೂ ಇಲ್ಲ.
ಕತ್ತಿ ಒಳಹೋಗಿದ್ದು ಕಾಣುತ್ತಿರಲಿಲ್ಲ,
ಸಿಂಪಿ ಬಾಯಿ ಬಿಟ್ಟದ್ದೇ ಕಾಣುತ್ತಿತ್ತು."
ಹುಡುಗ ಹೆಡ್‌ಫೋನು ತೆಗೆಯಲಿಲ್ಲ.

ಆಮೇಲೆ ಬಂತು ಆ ಆಟ.
ಒಬ್ಬರ ಹಿಂದೊಬ್ಬರು ಇದ್ದದ್ದೆಲ್ಲ ತಳ್ಳಿದರು:
ಥೋವಾ ನೂರ ಎಂಬತ್ತು, ಲ್ಯಾಡ್ನರ್ ನಾನೂರಿಪ್ಪತ್ತು,
ಹುಡುಗನ ಮುಂದೆ ಇಬ್ಬರನ್ನೂ ನುಂಗುವಷ್ಟು.
ಈಗ ರಾಶಿ ಎರಡಾಗಬೇಕು.
ಕೆಂಪು ಬಿಲ್ಲೆಗಳನ್ನು ಐದೈದಾಗಿ ಪೇರಿಸಿದಳು,
ತುಟಿ ಅಲ್ಲಾಡಿಸಿ ಎಣಿಸಿದಳು, ತನ್ನ ಭಾಷೆಯಲ್ಲಿ
(ಬೇರೆ ಯಾವುದರಲ್ಲಿ ಎಣಿಸುವುದಕ್ಕಾಗುತ್ತದೆ?)
ನಡುವೆ ತಪ್ಪಿದಳು. ಕೆಡವಿದಳು. ಮೊದಲಿಂದ.

ನನಗೆ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಯಲ್ಲಿ
ಉಪ್ಪಿನ ಹರಳಿನ ಹಾಗೆ ಕೂತಿತ್ತು. ಹೇಳಲಿಲ್ಲ.
ನನ್ನ ಮೊದಲ ವಾರ ಯಾರೋ ಹೇಳಿಬಿಟ್ಟಿದ್ದರು;
ವರ್ಷವಿಡೀ ಅವರ ಮುಖ ನೋಡುತ್ತಲೇ ಎಣಿಸಿದೆ.

ಎಷ್ಟು ಹೊತ್ತು? ಒಂದು ಸಿಗರೇಟಿನಷ್ಟು.
ಮೇಜಿಗೆ ಮೇಜೇ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿತು.
ಹುಡುಗನ ಕುತ್ತಿಗೆಯಲ್ಲಿ ನರ ಹಾರುತ್ತಿತ್ತು.
ಲ್ಯಾಡ್ನರ್ ತನ್ನ ಎಲೆ ಎತ್ತಿ ನೋಡಿದ, ಮತ್ತೆ ನೋಡಿದ,
ಅಷ್ಟರಲ್ಲಿ ಬದಲಾಗಿದ್ದರೂ ಆಗಿರಬಹುದೆಂದು.

"ಮನೆಯ ಪಾಲು ಕಳೆದು ಐನೂರೈವತ್ತು," ಅಂದಳು ದಿಯೆಪ್.
"ಪಕ್ಕದ್ದು ನಾನೂರೆಂಬತ್ತು."
ಸರಿಯಾಗಿತ್ತು.
ಕೊನೆಯ ಎಲೆ ಮಗುಚಿದಳು: ಕಳಾವರ್ ಗುಲಾಮ,
ಯಾರಿಗೂ ಬೇಡದವನು. ಥೋವಾಳ ಜೋಡಿ ಎಂಟು ಉಳಿದುಕೊಂಡಿತು.
ಪಕ್ಕದ ರಾಶಿ ಹುಡುಗನಿಗೆ. ಅವನು ಟಿಪ್ಸು ಕೊಡಲಿಲ್ಲ.

ಅರ್ಧ ಗಂಟೆ ಮುಗಿದು ಬದಲಿಯವನು ಹೆಗಲು ತಟ್ಟಿದ.
ನಿಯಮದಂತೆ ಒಮ್ಮೆ ಚಪ್ಪಾಳೆ ಹೊಡೆದು
ಮೇಲಿನ ಕ್ಯಾಮೆರಾಕ್ಕೆ ಅಂಗೈ ತೋರಿಸಿದಳು,
ಏನೂ ಒಯ್ಯುತ್ತಿಲ್ಲವೆಂದು.
ಎಡ ಅಂಗೈ ತುಂಬ ಬಿಳಿ ಗೀಟು, ಕತ್ತಿ ಜಾರಿದ್ದು.
ಉದ್ದದವು ಮೊದಲ ವಾರದವಿರಬೇಕು.

ಬಂದವನು ಡಾರ್ನೆಲ್, ಹದಿನೈದು ವರ್ಷ ಪಳಗಿದ ಕೈ.
ಎಲೆ ಹಾರಿದ್ದೇ ಕಾಣಲಿಲ್ಲ. ಗಂಟೆಗೆ ಮೂವತ್ತೈದು.
ಹುಡುಗ ಮೊದಲ ಸಲ ನಕ್ಕ. ಲ್ಯಾಡ್ನರ್ ಮತ್ತೆ ಬಿಲ್ಲೆ ಕೊಂಡು
ಈಗ ಜೀವ ಬಂತು ನೋಡಿ ಅಂದ.
ಡಾರ್ನೆಲ್ ಏಳುವ ಮೊದಲೇ ನನ್ನ ಮುನ್ನೂರು ಹೋಗಿತ್ತು.

ಹೊರಡುವಾಗ ನೋಡಿದೆ. ಎಂಟನೇ ಮೇಜಿನಲ್ಲಿ
ಯಾರೋ ಗೊಣಗುತ್ತಿದ್ದರು, ಅವಳು ಮೊದಲಿಂದ ಎಣಿಸುತ್ತಿದ್ದಳು.
ಅಲ್ಲಿ ಒಂದು ಕುರ್ಚಿ ಖಾಲಿಯಿತ್ತು.
ನನ್ನ ಜೇಬೂ.